ಆನ್‌ಲೈನಲ್ಲಿ ತರಿಸಿದ ಎಸ್‌ಎಂ58 ಮೈಕ್ ಒರಿಜಿನಲ್ಲಾ ಡೂಪ್ಲಿಕೇಟಾ ಅಂತ ನೋಡುದು ಹೇಗೆ?

ಕಟಪಾಡಿ ಭಜಕ:

ನಮಸ್ಕಾರ ಎಲ್ರಿಗೂ. ನಾನು ನಮ್ಮೂರಿನ ಭಜನಾ ಮಂಡಳಿಯಲ್ಲಿ ಸೌಂಡ್ ನೋಡಿಕೊಳ್ಳುವವ, ಯಾರ ಹತ್ರವೂ ಕಲಿತದ್ದಲ್ಲ, ಮಾಡ್ತಾ ಮಾಡ್ತಾ ಬಂದದ್ದು. ಮುಂದಿನ ತಿಂಗಳು ನಮ್ಮಲ್ಲಿ ಏಕಾಹ ಭಜನೆ ಉಂಟು, ಬೆಳಿಗ್ಗೆ ಸೂರ್ಯೋದಯಕ್ಕೆ ಸುರುವಾದ್ರೆ ಮರುದಿನ ಸೂರ್ಯೋದಯದವರೆಗೆ ನಿಲ್ಲಿಸ್ಲಿಕ್ಕಿಲ್ಲ, ಅದಕ್ಕೇಂತ ಸದಸ್ಯರೆಲ್ಲ ಸೇರಿ ದುಡ್ಡು ಹಾಕಿ ಶೂರ್ ಕಂಪನಿಯ ಎಸ್‌ಎಂ58 ಮೈಕ್ ಎರಡು ತಗೊಳ್ಳುವ ಅಂತ ಆಯ್ತು. ಮಂಗಳೂರಲ್ಲಿ ಅಂಗಡಿಯಲ್ಲಿ ಕೇಳಿದಾಗ ರೇಟ್ ಜಾಸ್ತಿ ಹೇಳಿದ್ರು, ಆನ್‌ಲೈನಲ್ಲಿ ನೋಡಿದ್ರೆ ಅದರ ಅರ್ಧಕ್ಕಿಂತ ಕಮ್ಮಿ, ಒಂದಕ್ಕೆ 3,400 ರೂಪಾಯಿ, ಸ್ಟಾರ್ ಎಲ್ಲ ಚಂದ ಇತ್ತು, ಹಾಗೆ ನಾನೇ ಆರ್ಡರ್ ಮಾಡಿದ್ದು.

ಮೊನ್ನೆ ಟ್ರಯಲ್ ನೋಡಿದ್ವಿ. ನಮ್ಮಲ್ಲಿ ಒಬ್ರು ಅಜ್ಜಿ ಇದ್ದಾರೆ, ತುಂಬಾ ಸಣ್ಣ ಸ್ವರ ಆದ್ರೆ ಶ್ರುತಿ ಒಂದು ಕೂದಲಿನಷ್ಟೂ ತಪ್ಪುದಿಲ್ಲ. ಅವರ ಸ್ವರ ಹಿಂದಿನ ಸಾಲಿಗೆ ಕೇಳ್ಬೇಕು ಅಂತ ಸ್ವಲ್ಪ ವಾಲ್ಯೂಮ್ ಏರಿಸಿದ ಕೂಡ್ಲೆ ಕೂಂಯ್ ಅಂತ ಹೌಲಿಂಗ್. ಮೂರು ಸಲ ಹಾಗೇ ಆಯ್ತು. ಅವರು ಮೈಕ್ ಕೆಳಗಿಟ್ಟು "ನನ್ನಿಂದ ಎಂತಾದ್ರೂ ತಪ್ಪಾಯ್ತಾ ಮಗಾ" ಅಂತ ಕೇಳಿದ್ರು, ನನಗೆ ತುಂಬಾ ಬೇಜಾರಾಯ್ತು. ನೋಡ್ಲಿಕ್ಕೆ ಮೈಕ್ ಪಕ್ಕಾ ಒರಿಜಿನಲ್ ಹಾಗೇ ಉಂಟು, ಬಾಕ್ಸ್, ಕ್ಲಿಪ್, ಚೀಲ ಎಲ್ಲ ಉಂಟು, ಒಟ್ಟಿಗೆ ಒಂದು ಕೇಬಲ್ ಕೂಡ ಬಂದಿದೆ. ವಾಪಸ್ ಕೊಡ್ಲಿಕ್ಕೆ ಇನ್ನು ಮೂರು ದಿನ ಮಾತ್ರ ಉಂಟು. ಗೊತ್ತಿದ್ದವರು ದಯವಿಟ್ಟು ಹೇಳಿ, ಇದು ಊರವರ ದುಡ್ಡು.

ಸುರತ್ಕಲ್ ಸೌಂಡ್ಸ್:

ನಾನು ಮದುವೆ, ನೇಮ, ಶಾಲಾ ವಾರ್ಷಿಕೋತ್ಸವ ಎಲ್ಲ ಕಡೆ ಸೌಂಡ್ ಕೊಡುವವ. ನೀವು ಹೇಳಿದ ರೇಟ್ ಕೇಳಿಯೇ ನನಗೆ ಅರ್ಧ ಗೊತ್ತಾಯ್ತು, ಆದ್ರೂ ಕೈಯಲ್ಲಿ ಹಿಡಿದು ನೋಡದೆ ತೀರ್ಮಾನ ಹೇಳ್ಬಾರ್ದು, ಹಾಗಾಗಿ ಒಂದೊಂದೇ ನೋಡುವ.

ಮೊದ್ಲು ತೂಕ. ಎಸ್‌ಎಂ58ರ ತೂಕ 298 ಗ್ರಾಂ ಅಂತ ಕಂಪನಿಯೇ ಬರೆದದ್ದು, ಅದು ಮೈಕಿನದ್ದು ಮಾತ್ರ, ಕ್ಲಿಪ್ ಕೇಬಲ್ ಬಿಟ್ಟು. ಮನೆಯಲ್ಲಿ ಅಡುಗೆಗೆ ಇಡುವ ಡಿಜಿಟಲ್ ತಕ್ಕಡಿ ಇದ್ರೆ ಅದರಲ್ಲಿಡಿ. ನಾಲ್ಕೈದು ಗ್ರಾಂ ಆಚೆ ಈಚೆ ಆದ್ರೆ ತಕ್ಕಡಿಯದ್ದು ಅಂತ ಬಿಡುವ, 240, 250 ತೋರಿಸಿದ್ರೆ ಅದು ಎಸ್‌ಎಂ58 ಅಲ್ಲ. ಇದರ ಒಳಗೆ ಹಿಡಿಯ ಭಾಗದಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇರ್ತದೆ, ನಕಲಿ ಮಾಡುವವರು ಉಳಿಸುದು ಅದರಲ್ಲೇ. ಆದ್ರೆ ತೂಕ ಸರಿ ಬಂತು ಅಂತ ಮಾತ್ರ ಸಮಾಧಾನ ಮಾಡ್ಕೊಳ್ಬೇಡಿ, ಟ್ರಾನ್ಸ್‌ಫಾರ್ಮರ್ ಜಾಗದಲ್ಲಿ ಒಂದು ಕಬ್ಬಿಣದ ತುಂಡು ಅಂಟಿಸಿ ತೂಕ ಸರಿ ಮಾಡಿದ್ದನ್ನು ನಾನೇ ಬಿಚ್ಚಿ ನೋಡಿದ್ದೇನೆ.

ಮತ್ತೆ ಆ ಕೇಬಲ್. ನಿಮ್ಮ ಬಾಕ್ಸ್ ಮೇಲೆ ಎಸ್‌ಎಂ58 ಆದ ಮೇಲೆ ಎಲ್‌ಸಿ ಅಂತ ಉಂಟಾ ನೋಡಿ. ಎಲ್‌ಸಿ ಅಂದ್ರೆ ಕೇಬಲ್ ಇಲ್ಲದ್ದು ಅಂತಲೇ ಅರ್ಥ, ಅದರ ಒಳಗೆ ಕೇಬಲ್ ಬಂದ್ರೆ ಬಾಕ್ಸೇ ಸುಳ್ಳು. ಹಾಗೇ ಆನ್ ಆಫ್ ಸ್ವಿಚ್ ಇರುವುದು ಎಸ್‌ಎಂ58ಎಸ್, ಎಸ್ ಇಲ್ಲದ ಬಾಕ್ಸಲ್ಲಿ ಸ್ವಿಚ್ ಇರುವ ಮೈಕ್ ಬಂದ್ರೆ ಅದೂ ಅಷ್ಟೇ. ಇನ್ನು ಇಂಪೋರ್ಟ್ ಆದ ಸಾಮಾನಿಗೆ ನಮ್ಮ ದೇಶದಲ್ಲಿ ಎಂಆರ್‌ಪಿ, ತರಿಸಿದವರ ಹೆಸರು ವಿಳಾಸ, ಯಾವ ದೇಶದಲ್ಲಿ ಆದದ್ದು ಅಂತ ಸ್ಟಿಕ್ಕರ್ ಇರ್ಲೇಬೇಕು. ಹೆಚ್ಚಿನ ನಕಲಿ ಬಾಕ್ಸಲ್ಲಿ ಅದು ಇರುದೇ ಇಲ್ಲ.

ಕೇಬಲ್ ಸಿಕ್ಕಿಸುವ ಬದಿಯಲ್ಲಿ ಟಾರ್ಚ್ ಹಾಕಿ ನೋಡಿ, ಮೂರು ಪಿನ್ನಿನ ಹತ್ರ 1, 2, 3 ಅಂತ ಸಣ್ಣಕ್ಕೆ ನಂಬರ್ ಇರ್ಬೇಕು. ಆಮೇಲೆ ಮೇಲಿನ ಜಾಲರಿ ತಿರುಗಿಸಿ ತೆಗೆಯಿರಿ, ಅದರ ಕೆಳಗೆ ಸ್ವರ ಹಿಡಿಯುವ ಭಾಗ, ಅಂದ್ರೆ ಕ್ಯಾಪ್ಸೂಲನ್ನು ಮೆಲ್ಲ ತಿರುಗಿಸಿ ಸ್ವಲ್ಪ ಮಾತ್ರ ಮೇಲೆ ಎತ್ತಿ, ಎಳೀಬೇಡಿ, ವಯರ್ ಕೂದಲಿನ ಹಾಗೆ ಸಪೂರ ಇರ್ತದೆ. ನಾನು ರಿಪೇರಿಗೆ ಬಿಚ್ಚಿದ ಒರಿಜಿನಲ್‌ಗಳಲ್ಲಿ ಒಂದು ಹಳದಿ ಒಂದು ಹಸುರು ವಯರ್, ನಕಲಿಯಲ್ಲಿ ಕೆಂಪು ಬಿಳಿ, ಕೆಂಪು ಕಪ್ಪು, ಅವರಿಗೆ ಸಿಕ್ಕಿದ್ದು.

ಹಿಮ್ಮೇಳ:

ಮೇಲಿನವರು ಹೇಳಿದ್ದು ಸರಿ, ಆದ್ರೆ ಬಿಚ್ಚುವ ಮೊದ್ಲು ಒಂದು ಮಾತು. ಹೌಲಿಂಗ್ ಬಂತು ಅಂತ ಮಾತ್ರ ಮೈಕ್ ನಕಲಿ ಆಗುದಿಲ್ಲ. ಸ್ಪೀಕರ್ ಬಾಕ್ಸ್ ಹಾಡುವವರ ಎದುರಿಂದ ಮೈಕಿನ ಬಾಯಿಗೇ ಮುಖ ಮಾಡಿ ಇಟ್ಟಿದ್ರೆ ಒರಿಜಿನಲ್ ಕೂಡ ಕೂಗ್ತದೆ, ಹಾಡುವವರು ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದ್ರೂ ಕೂಗ್ತದೆ.

ಎಸ್‌ಎಂ58 ಕಾರ್ಡಿಯಾಯ್ಡ್ ಮೈಕ್, ಎದುರಿನದ್ದನ್ನು ಹಿಡೀತದೆ, ಬೆನ್ನಿನ ಬದಿಯದ್ದನ್ನು ಬಿಡ್ತದೆ. ಹಿಂದಿನಿಂದ ಬಂದ ಶಬ್ದ ಕ್ಯಾಪ್ಸೂಲಿನ ಬದಿಯ ರಂಧ್ರದ ಮೂಲಕವೂ ಒಳಗೆ ಹೋಗಿ ಡಯಾಫ್ರಮ್ಮಿನ, ಅಂದ್ರೆ ಶಬ್ದಕ್ಕೆ ಅದುರುವ ತೆಳು ಪೊರೆಯ, ಎರಡು ಬದಿಗೂ ಒಟ್ಟಿಗೆ ತಲುಪಿ ಒಂದನ್ನೊಂದು ಹೊಡೆದು ಹಾಕ್ಬೇಕು. ಆ ಲೆಕ್ಕ ಕೂಡಿ ಬರ್ಲಿಕ್ಕೆ ಕ್ಯಾಪ್ಸೂಲ್ ಸರಿಯಾಗಿ ಮಾಡಿರ್ಬೇಕು, ಜಾಲರಿಯನ್ನು ನಕಲಿ ಮಾಡಿದ ಹಾಗೆ ಅದು ಸುಲಭ ಅಲ್ಲ. ಪರೀಕ್ಷೆ ಹೀಗೆ ಮಾಡಿ: ಮೈಕನ್ನು ಸ್ಟಾಂಡಿಗೆ ಹಾಕಿ, ಒಂದು ಗೇಣು ದೂರದಿಂದ ಎದುರಲ್ಲಿ ನಿಂತು ಒಂದು ಸಾಲು ಹೇಳಿ, ಹಾಗೇ ಸುತ್ತು ಬಂದು ಕೇಬಲಿನ ಬದಿಯಿಂದ ಅಷ್ಟೇ ದೂರದಲ್ಲಿ ಅಷ್ಟೇ ಜೋರಲ್ಲಿ ಅದೇ ಸಾಲು ಹೇಳಿ. ಇನ್ನೊಬ್ರು ಹೆಡ್‌ಫೋನಲ್ಲಿ ಕೇಳ್ಲಿ. ಸ್ವರ ದೂರ ಹೋದ ಹಾಗೆ ಕೇಳ್ಬೇಕು. ಎರಡೂ ಕಡೆ ಒಂದೇ ಹಾಗೆ ಕೇಳಿದ್ರೆ ನಿಮ್ಮ ಹೌಲಿಂಗಿನ ಕಾರಣ ಅಲ್ಲೇ ಉಂಟು.

ಇನ್ನೊಂದು, ಕೈಯಲ್ಲಿ ಹಿಡಿದು ಹೆಬ್ಬೆರಳಿಂದ ಹಿಡಿಯನ್ನು ಉಜ್ಜಿ. ಒರಿಜಿನಲ್ ಒಳಗೆ ಕ್ಯಾಪ್ಸೂಲ್ ರಬ್ಬರ್ ಮತ್ತು ಗಾಳಿಯ ಕುಶನ್ ಮೇಲೆ ಕೂತಿರ್ತದೆ, ಉಜ್ಜಿದ ಶಬ್ದ ಬಹಳ ಕಮ್ಮಿ. ನಕಲಿಯಲ್ಲಿ ಗರಗರ, ದಡದಡ.

ಇದೆಲ್ಲ ನನಗೆ ಗೊತ್ತಾದದ್ದು ಒಂದು ಯಕ್ಷಗಾನ ಆಟದ ರಾತ್ರಿ. ಭಾಗವತರ ಎದುರಿಗೆ ಇಟ್ಟ ಮೈಕಲ್ಲಿ ಪದಕ್ಕಿಂತ ಜಾಸ್ತಿ ಪಕ್ಕದ ಚಂಡೆಯೇ ಬರ್ತಿತ್ತು, ಅವರು ಏರು ಪದ ಹೇಳ್ತಾ ಗಂಟಲು ಹರ್ಕೊಳ್ತಿದ್ರು, ನಾವು ಮಿಕ್ಸರಲ್ಲಿ ಬಾಸ್ ಟ್ರೆಬಲ್ ತಿರುಗಿಸ್ತಾ ಕೂತದ್ದು. ಬೆಳಿಗ್ಗೆ ಬಿಚ್ಚಿ ನೋಡಿದ್ರೆ ಡೂಪ್ಲಿಕೇಟ್. ಅವತ್ತಿಂದ ಯಾವ ಹೊಸ ಮೈಕನ್ನೂ ಹಳೇ ಒರಿಜಿನಲ್ ಒಂದರ ಪಕ್ಕದಲ್ಲಿಟ್ಟು, ಅದೇ ಕೇಬಲ್, ಅದೇ ಚಾನೆಲ್, ಮಿಕ್ಸರಲ್ಲಿ ಮೈಕಿನ ಸ್ವರ ಏರಿಸುವ ಗೇನ್ ಮುಟ್ಟದೆ ಕೇಳಿಯೇ ರಂಗಸ್ಥಳಕ್ಕೆ ಹಾಕುದು.

ಕಟಪಾಡಿ ಭಜಕ:

ಭಯಂಕರ ಉಪಕಾರ ಆಯ್ತು. ಈಗ ನೋಡಿದೆ. ತೂಕ ಒಂದು 251, ಇನ್ನೊಂದು 254. ಬಾಕ್ಸ್ ಮೇಲೆ ಎಲ್‌ಸಿ ಅಂತ ಸ್ಪಷ್ಟ ಉಂಟು, ಕೇಬಲ್ ಒಳಗೇ ಇತ್ತು. ಪಿನ್ ನಂಬರ್ ಇಲ್ಲ, ಎಂಆರ್‌ಪಿ ಸ್ಟಿಕ್ಕರ್ ಕೂಡ ಇಲ್ಲ. ಹಿಂದಿನಿಂದ ಮಾತಾಡಿದ್ದು ನನ್ನ ತಮ್ಮ ಹೆಡ್‌ಫೋನಲ್ಲಿ ಕೇಳಿ "ನೀನು ಎದುರೇ ಇದ್ದಿಯಲ್ಲ" ಅಂದ. ಬಿಚ್ಚುದಾ ಬೇಡ್ವಾ ಅಂತ ಯೋಚನೆ, ಬಿಚ್ಚಿದ್ದೀರಿ ಅಂತ ವಾಪಸ್ ತಗೊಳ್ಳದಿದ್ರೆ?

ಕೊಡಿಯಾಲ್‌ಬೈಲ್ ವಕೀಲ:

ಬಿಚ್ಚಬೇಡಿ, ನಿಮ್ಮ ಹತ್ರ ಇದ್ದ ಸಾಕ್ಷಿ ಸಾಕು. ತಕ್ಕಡಿ ಮೇಲೆ ಮೈಕ್ ಇಟ್ಟು ನಂಬರ್ ಕಾಣುವ ಹಾಗೆ ವಿಡಿಯೋ, ಎಲ್‌ಸಿ ಅಕ್ಷರ ಮತ್ತು ಕೇಬಲ್ ಒಂದೇ ಫ್ರೇಮಲ್ಲಿ ಫೋಟೋ, ಪಿನ್ ಬದಿಯ ಫೋಟೋ, ಬಿಲ್, ಆ ಸೇಲರ್ ಪೇಜಿನ ಸ್ಕ್ರೀನ್‌ಶಾಟ್, ಇಷ್ಟನ್ನು ಇವತ್ತೇ ತೆಗೆದಿಡಿ, ಪೇಜ್ ನಾಳೆ ಇರ್ತದೆ ಅಂತ ಇಲ್ಲ. ವಾಪಸ್ ಕೊಡುವ ಕಾರಣದಲ್ಲಿ "ಇಷ್ಟ ಆಗ್ಲಿಲ್ಲ" ಅಂತ ಒತ್ತಬೇಡಿ, ನಕಲಿ ಸಾಮಾನು ಅಂತಲೇ ಬರೆಯಿರಿ.

ಒಪ್ಪದಿದ್ರೆ ಆ ವೆಬ್‌ಸೈಟಿನ ಗ್ರೀವೆನ್ಸ್ ಆಫೀಸರಿಗೆ ಲಿಖಿತ ದೂರು ಕೊಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ 48 ಗಂಟೆಯೊಳಗೆ ದೂರು ಸಿಕ್ಕಿದೆ ಅಂತ ಹೇಳ್ಬೇಕು, ಒಂದು ತಿಂಗಳೊಳಗೆ ಪರಿಹಾರ ಮಾಡ್ಬೇಕು. ಅದರ ಒಟ್ಟಿಗೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಆಗದಿದ್ರೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗ. ಸೇಲರ್ ಯಾವ ಊರಿನವನೇ ಇರ್ಲಿ, 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನೀವು ಇರುವ ಜಿಲ್ಲೆಯಲ್ಲೇ ಕೇಸ್ ಹಾಕ್ಬಹುದು, ಈ ಮೊತ್ತಕ್ಕೆ ಫೀಸೂ ಇಲ್ಲ. ಜನ 3,400 ರೂಪಾಯಿಗೆ ಯಾರು ಅಲೆಯುದು ಅಂತ ಸುಮ್ಮನಾಗ್ತಾರೆ, ಹಾಗೆ ಬಿಟ್ಟದ್ದಕ್ಕೇ ಅದೇ ಸೇಲರ್ ಮುಂದಿನ ವಾರ ಇನ್ನೊಂದು ಮಂಡಳಿಗೆ ಮಾರುದು.

ಸುರತ್ಕಲ್ ಸೌಂಡ್ಸ್:

ಸ್ಟಾರ್ ಬಗ್ಗೆ ಒಂದು ಹೇಳ್ಲಿಕ್ಕೆ ಬಿಟ್ಟುಹೋಯ್ತು. ಆ ಸ್ಟಾರ್ ಆ ಮೈಕಿಗೆ ಬಿದ್ದದ್ದು, ನಿಮಗೆ ಮಾರಿದವನಿಗೆ ಅಲ್ಲ. ಒಂದೇ ಪೇಜಲ್ಲಿ ನಾಲ್ಕು ಜನ ಮಾರ್ತಿರ್ತಾರೆ, ಯಾರೋ ಒರಿಜಿನಲ್ ತಗೊಂಡು ಒಳ್ಳೆದು ಅಂತ ಬರೆದದ್ದರ ಕೆಳಗೆ ಇನ್ಯಾರೋ ನಕಲಿ ಮಾರುದು. ತಗೊಳ್ಳುವ ಮೊದ್ಲು ಸೇಲರ್ ಹೆಸರು ಒತ್ತಿ ನೋಡಿ, ಕಂಪನಿಯ ವೆಬ್‌ಸೈಟಲ್ಲಿ ಅಧಿಕೃತ ಡೀಲರುಗಳ ಪಟ್ಟಿ ಸಿಕ್ತದೆ, ಅದರಲ್ಲಿ ಇಲ್ಲದಿದ್ರೆ ಬೇಡ. ಈ ಮೈಕ್ 1966ರಿಂದ ಬರ್ತಾ ಉಂಟು, ಎಲ್ರೂ ಕೇಳುದು ಅದನ್ನೇ, ಹಾಗಾಗಿ ನಕಲಿಯೂ ಅದರದ್ದೇ ಜಾಸ್ತಿ. ದುಡ್ಡು ಅಷ್ಟೇ ಇದ್ರೆ 3,400ಕ್ಕೆ ಸುಳ್ಳು ಶೂರ್ ತಗೊಳ್ಳುವ ಬದ್ಲು ನಮ್ಮ ದೇಶದ ಅಹುಜಾದ ನಿಜವಾದ ಮೈಕ್ ತಗೊಳ್ಳಿ, ಭಜನೆಗೆ ಚಂದ ಆಗ್ತದೆ, ಕೆಟ್ಟರೆ ಇಲ್ಲೇ ಸರಿ ಮಾಡ್ಲಿಕ್ಕೂ ಆಗ್ತದೆ.

ಏಕಾಹಕ್ಕೆ ತಲೆಬಿಸಿ ಮಾಡ್ಬೇಡಿ. ನನ್ನ ಹತ್ರ ಹಳೇದು ಎರಡು ಉಂಟು, ಬಣ್ಣ ಹೋಗಿದೆ, ಜಾಲರಿ ಒಂದು ಕಡೆ ಜಜ್ಜಿದೆ, ಸ್ವರಕ್ಕೆ ಎಂತದೂ ಆಗ್ಲಿಲ್ಲ. ಬಾಡಿಗೆ ಬೇಡ, ದೇವರ ಕೆಲ್ಸ.

ಕಟಪಾಡಿ ಭಜಕ:

ವಾಪಸ್ ಒಪ್ಪಿದ್ರು. ಮೊದ್ಲು ಆಗುದಿಲ್ಲ ಅಂದಿದ್ರು, ತಕ್ಕಡಿಯ ವಿಡಿಯೋ ಕಳಿಸಿ 1915ರ ದೂರಿನ ನಂಬರ್ ಬರೆದ ಮೇಲೆ ಎರಡನ್ನೂ ತಗೊಂಡು ಹೋದ್ರು, ದುಡ್ಡು ಬರ್ಲಿಕ್ಕೆ ಐದು ದಿನ ಅಂತೆ. ಮಂಡಳಿಯ ಮೀಟಿಂಗಲ್ಲಿ ಎಲ್ಲ ವಿಷಯ ಹೇಳಿದೆ, ಅಜ್ಜಿಗೂ ಹೇಳಿದೆ, ತಪ್ಪು ಮೈಕಿದ್ದು ಅಂತ. ಸುರತ್ಕಲ್ ಅಣ್ಣ, ಗುರುವಾರ ಸಂಜೆ ಆರು ಗಂಟೆಗೆ ಬಂದ್ರೆ ನೀವು ಮನೆಯಲ್ಲಿ ಇರ್ತೀರಾ? ಸ್ಟಾಂಡ್ ನಮ್ಮದೇ ಉಂಟು, ಮೈಕ್ ಮಾತ್ರ ಸಾಕು.