ಕುಂಡದ ‘ಗ್ಯಾಲನ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಗಿಡ ಬೆಳೆಸುವ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಮೆರಿಕದ ನರ್ಸರಿ ಕುಂಡಗಳ ಅಳತೆ ಬಂದಲ್ಲಿ ಸಿಕ್ಕಿಕೊಂಡೆ. ಅಲ್ಲಿ ‘ಒಂದು ಗ್ಯಾಲನ್ ಗಿಡ’ ಅಂತಾರೆ. ಗ್ಯಾಲನ್ ಅಂದರೆ 3.78 ಲೀಟರ್ ಅಲ್ವಾ, ಸುಮ್ನೆ ಹಾಗೇ ಬರೆದು ಮುಂದೆ ಹೋಗಿದ್ದೆ. ಆಮೇಲೆ ಯಾಕೋ ಅನುಮಾನ ಬಂದು, ಅಂಥದೇ ಒಂದು ಖಾಲಿ ಕುಂಡದ ತಳದ ತೂತುಗಳಿಗೆಲ್ಲ ಟೇಪ್ ಅಂಟಿಸಿ ಲೀಟರ್ ಜಗ್ಗಿನಲ್ಲಿ ನೀರು ಸುರಿದೆ. ಮೂರನೇ ಜಗ್ಗು ಪೂರ್ತಿ ಖಾಲಿಯಾಗುವ ಮೊದಲೇ ತುಳುಕಿತು!

ಅಂದರೆ ಇದು ವ್ಯಾಪಾರದವರ ಗ್ಯಾಲನ್. ಅಳತೆಯ ಹೆಸರು ಹೋಗಿ ಪಾತ್ರೆಯ ಹೆಸರಾಗಿದೆ. ನಮಗೇನೂ ಹೊಸದಲ್ಲ ಬಿಡಿ, ಸೇರು, ಪಾವು, ಕೊಳಗ ಎಲ್ಲ ಅಳತೆಯೂ ಹೌದು, ಪಾತ್ರೆಯೂ ಹೌದು. ಅಲ್ಲಿನ ನರ್ಸರಿ ಗುಣಮಟ್ಟದ ಪಟ್ಟಿಯಲ್ಲಂತೂ ಗ್ಯಾಲನ್ ಬಿಟ್ಟು #1, #5 ಅಂತ ನಂಬರೇ ಹಾಕುತ್ತಾರೆ, ಒಂದೊಂದು ನಂಬರಿಗೂ ಇಷ್ಟರಿಂದ ಇಷ್ಟರವರೆಗೆ ಅಂತ ಗಾತ್ರ. ಸಣ್ಣ ಕುಂಡಗಳದ್ದು ಬೇರೆ ಲೆಕ್ಕ: ‘ನಾಲ್ಕು ಇಂಚು’ ಅಂದರೆ ಬಾಯಿಯ ಅಗಲ, ಎತ್ತರ ಅಲ್ಲ. ಬ್ರಿಟನ್ನಿನಲ್ಲಿ ಲೀಟರ್ ಲೆಕ್ಕ ಇರುವುದರಿಂದ ಅಲ್ಲಿ ಈ ತಲೆನೋವಿಲ್ಲ.

‘ಒಂದನೇ ನಂಬರ್ ಕುಂಡ’ ಅನ್ನಬಹುದು, ಆದರೆ ಅದು ‘ಒಳ್ಳೇ ಕುಂಡ’ ಅಂತ ಕೇಳಿಸುತ್ತೆ. ನನಗೆ ಹೊಳೆದದ್ದು ‘ಕಚ್ಚಾ ಗ್ಯಾಲನ್’. ಹಿಂದೆ ಪಕ್ಕಾ ಸೇರು, ಅದಕ್ಕಿಂತ ಚಿಕ್ಕದು ಕಚ್ಚಾ ಸೇರು ಅಂತಿತ್ತಲ್ಲ, ಹಾಗೆ. ಈಗಿನ ಹುಡುಗರಿಗೆ ಅರ್ಥವಾಗುತ್ತಾ, ಅದೇ ಚಿಂತೆ.

ಇನ್ನೊಂದು. ‘ಐದು ಗ್ಯಾಲನ್ ಗಿಡ’ ಅಂತ ಬರೆದರೆ ಓದಿದವರು ಗಿಡವೇ ದೊಡ್ಡದು ಅಂದುಕೊಳ್ಳುತ್ತಾರೆ. ಆ ಮಾತು ಹೇಳುವುದು ಕುಂಡದ ಅಳತೆ ಮಾತ್ರ. ನಾನೇ ಒಮ್ಮೆ ದೊಡ್ಡ ಕುಂಡದ ಗಿಡ ಅಂತ ಜಾಸ್ತಿ ದುಡ್ಡು ಕೊಟ್ಟು ತಂದಿದ್ದೆ. ನೆಡಲು ಹೊರಗೆ ತೆಗೆದರೆ ಸುತ್ತಲಿನ ಮಣ್ಣೆಲ್ಲ ಪೊಳಪೊಳ ಉದುರಿ, ನಡುವೆ ಹಳೇ ಪುಟ್ಟ ಕುಂಡದ ಆಕಾರದಲ್ಲೇ ಬೇರಿನ ಉಂಡೆ ಉಳಿಯಿತು! ಹಿಂದಿನ ವಾರವಷ್ಟೇ ಕುಂಡ ಬದಲಾಯಿಸಿದ್ದರೇನೋ. ಹಾಗಾಗಿ ‘ಐದು ಗ್ಯಾಲನ್ ಕುಂಡದಲ್ಲಿರುವ ಗಿಡ’ ಅಂತ ಉದ್ದಕ್ಕೇ ಬರೆಯುತ್ತಿದ್ದೇನೆ.

ಇದರ ತದ್ವಿರುದ್ಧ, ಬೇರು ಕುಂಡದ ಗೋಡೆಗೆ ತಾಗಿ ಒಳಗೇ ಸುತ್ತಿ ಸುತ್ತಿ ಹೆಣೆದುಕೊಂಡಿರುವ ಗಿಡಕ್ಕೆ ನಿಮ್ಮ ಕಡೆ ಒಂದೇ ಪದ ಇದೆಯಾ? ‘ಬೇರುಗಟ್ಟಿದ’ ಅಂದರೆ ಸರಿಹೋಗುತ್ತಾ, ಅಥವಾ ಚೆನ್ನಾಗಿ ಬೇರೂರಿದ ಗಿಡ ಅನ್ನಿಸಿಬಿಡುತ್ತಾ?