ಎಮರಾಲ್ಡ್‌ನಲ್ಲಿ ಟ್ರೌಟ್ ಹಿಂದೆ ಬರುತ್ತೆ, ಆದ್ರೆ ಕಚ್ಚಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ತಾಳವಾಡಿಯಿಂದ:
ಟ್ರೌಟ್ ಮೀನು ಹಿಡಿಯೋಕೆ ನಾಲ್ಕು ಸಲ ನೀಲಗಿರಿಯ ಎಮರಾಲ್ಡ್ ಅಣೆಕಟ್ಟಿಗೆ ಹೋಗಿ ಬಂದೆ. ಪರ್ಮಿಟ್ ಮಾಡಿಸಿಕೊಂಡೇ ಹೋಗಿದ್ದು. ಒಂದು ಟ್ರೌಟೂ ಸಿಕ್ಕಿಲ್ಲ. ಎರೆಹುಳು ಹಾಕಿದಾಗ ಎರಡು ಗೆಂಡೆ ಬಿದ್ದವು, ಅಷ್ಟೇ. ಮೂರನೇ ಸಲ ಒಂದು ಟ್ರೌಟ್ ಸ್ಪೂನಿನ (ಚಮಚದ ಆಕಾರದ ಲೋಹದ ಹುಸಿಮೀನು) ಬೆನ್ನಿಗೇ ದಡದವರೆಗೂ ಬಂತು. ಎರಡು ಮಾರು ದೂರ ಇದ್ದಾಗ ನಿಂತಿತು, ನೋಡಿತು, ತಿರುಗಿ ಹೋಯಿತು. ಅದರ ಮೈಮೇಲಿನ ಚುಕ್ಕಿ ಕೂಡ ಕಾಣಿಸ್ತಿತ್ತು. ಆ ನೋಟ ಇನ್ನೂ ಕಣ್ಣಲ್ಲೇ ಇದೆ.

7 ಅಡಿ ರಾಡ್, 20 ಗ್ರಾಂ ಸ್ಪೂನ್, ಅದರ ಮುಂದೆ ಒಂದು ಗೇಣು ಸ್ಟೀಲ್ ವೈರ್. ಯೂರೋಪಿನ ಬೆಟ್ಟದ ಜಲಾಶಯದಲ್ಲಿ ಟ್ರೌಟ್, ಪೈಕ್ ಎರಡೂ ಮೀನನ್ನು ಹಿಡಿಯುವ ವಿಡಿಯೋ ನೋಡಿ ತರಿಸಿದ ಸೆಟ್ ಇದು. ಎಳೆದಾಗ ಲೋಹದ ಎಲೆ ಗಿರಗಿರ ತಿರುಗುವ ಸಣ್ಣ ಸ್ಪಿನ್ನರ್ ಕೂಡ ಇದೆ. ಅದನ್ನು ಹಾಕಿದರೆ ಹತ್ತು ಎಸೆತಕ್ಕೇ ದಾರ ಸ್ಪ್ರಿಂಗ್ ಥರ ಸುತ್ತಿಕೊಳ್ಳುತ್ತೆ.

ಎಮರಾಲ್ಡ್ ಹತ್ತಿರದ ಹಟ್ಟಿಯಿಂದ:
ಮೊದಲು ಆ ವೈರ್ ಬಿಚ್ಚಿಡಿ. ಅದು ಪೈಕ್‌ಗೆ ಬೇಕಾದದ್ದು. ಪೈಕ್ ಬಾಯಲ್ಲಿ ಸೂಜಿಯಂಥ ಹಲ್ಲಿರುತ್ತೆ, ನೈಲಾನ್ ದಾರ ಕತ್ತರಿಸಿ ಹೋಗುತ್ತೆ, ಅದಕ್ಕೇ ಅಲ್ಲಿಯವರು ವೈರ್ ಕಟ್ಟುತ್ತಾರೆ. ನಮ್ಮ ನೀಲಗಿರಿಯ ಯಾವ ಕೆರೆಯಲ್ಲೂ ಪೈಕ್ ಇಲ್ಲ. ಇಲ್ಲಿರುವುದು ರೇನ್‌ಬೋ ಟ್ರೌಟ್. 1907ರಲ್ಲಿ ಎಚ್. ಸಿ. ವಿಲ್ಸನ್ ಅವಲಾಂಚೆಯಲ್ಲಿ ಮರಿ ಮಾಡಿಸುವ ಕೇಂದ್ರ ಶುರು ಮಾಡಿದ ಮೇಲೆ ಇಲ್ಲಿ ನೆಲೆ ನಿಂತ ಮೀನು. ಅದಕ್ಕೆ ಕಣ್ಣು ತುಂಬಾ ಚುರುಕು. ತಿಳಿನೀರಲ್ಲಿ ವೈರ್ ಕಂಡರೆ ಮುಟ್ಟಲ್ಲ. ಅದೂ ಅಲ್ಲದೆ ಗಡಸು ವೈರ್‌ನ ತುದಿಯಲ್ಲಿ ಹಗುರವಾದ ಸ್ಪಿನ್ನರ್ ಸರಿಯಾಗಿ ಆಡಲ್ಲ, ಮೂಗು ಕೆಳಗಾಗಿ ಬರುತ್ತೆ.

ಇನ್ನೆರಡು ವಿಷಯ ಹೇಳಿ. ಎಷ್ಟು ಹೊತ್ತಿಗೆ ನೀರಿನ ಹತ್ತಿರ ಇರ್ತೀರಿ? ಎಸೆದ ತಕ್ಷಣ ಸುತ್ತುತ್ತೀರಾ?

ತಾಳವಾಡಿಯಿಂದ:
ಬಂಡೀಪುರದ ಗೇಟ್ ಬೆಳಿಗ್ಗೆ 6ಕ್ಕೆ ತೆರೆಯುತ್ತೆ. ಅಲ್ಲಿಂದ ಗುಡ್ಡ ಹತ್ತಿ ಎಮರಾಲ್ಡ್ ಸೇರುವಾಗ ಹತ್ತು ಗಂಟೆ ಆಗಿರುತ್ತೆ. ಹೌದು, ಬಿದ್ದ ಕೂಡಲೇ ಸುತ್ತುತ್ತೇನೆ, ತಳಕ್ಕೆ ಸಿಕ್ಕಿಕೊಳ್ಳುತ್ತೆ ಅಂತ ಭಯ.

ಎಮರಾಲ್ಡ್ ಹತ್ತಿರದ ಹಟ್ಟಿಯಿಂದ:
ಹಾಗಾದರೆ ಗೊತ್ತಾಯ್ತು. ಏಪ್ರಿಲ್ ಬಿಸಿಲಲ್ಲಿ ಹತ್ತು ಗಂಟೆಗೆ ನೀವು ಮೀನಿನ ತಲೆ ಮೇಲೆ ಸ್ಪೂನ್ ಎಳೀತಿದ್ದೀರಿ. ಟ್ರೌಟ್‌ಗೆ ಹಿತ ಅನ್ನಿಸೋದು ಸುಮಾರು 10ರಿಂದ 16 ಡಿಗ್ರಿ ನೀರು. 20 ದಾಟಿದರೆ ಸೊರಗುತ್ತೆ. ಮೇಲಿನ ನೀರು ಕಾದರೆ ಆಳಕ್ಕೆ ಇಳಿಯುತ್ತೆ, ಇಲ್ಲಾಂದ್ರೆ ಹಳ್ಳ ಬಂದು ಸೇರುವ ಬಾಯಿಗೆ ಹೋಗುತ್ತೆ. ಅಲ್ಲಿ ತಂಪೂ ಇರುತ್ತೆ, ಹರಿವ ನೀರಲ್ಲಿ ಪ್ರಾಣವಾಯುವೂ ಜಾಸ್ತಿ.

ನಾನು ಮಾಡೋದು ಹೇಳ್ತೇನೆ. ಖಾಲಿ ಬಾಟಲಿಗೆ ಕಲ್ಲು ಕಟ್ಟಿ ಒಳಗೆ ಅಕ್ವೇರಿಯಂ ಥರ್ಮಾಮೀಟರ್ ಇಡ್ತೇನೆ. ಬಾಯಿ ತೆರೆದೇ ಕಡಿದಾದ ದಡದಿಂದ ಇಳಿಸಿ ಐದು ನಿಮಿಷ ಬಿಡ್ತೇನೆ. ಮೇಲೆ ಎಳೆದಾಗ ಬಾಟಲಿ ಕೈಗೆ ಜುಮ್ಮೆನ್ನುತ್ತೆ. ಕಳೆದ ವಾರ ಮೇಲೆ 19 ಇತ್ತು, ಒಳಗೆ 15. ಅಷ್ಟು ತಿಳಿದರೆ ಸಾಕು.

ಎಸೆದ ಮೇಲೆ ದಾರ ಬಿಗಿಯಾಗಿ ಹಿಡಿದು ಎಣಿಸಿ. ಒಂದು ಸಲ ಐದಕ್ಕೆ, ಮುಂದಿನದು ಹತ್ತಕ್ಕೆ, ಆಮೇಲೆ ಹದಿನೈದಕ್ಕೆ ಸುತ್ತಲು ಶುರು ಮಾಡಿ. ತಳದ ಕಸ ಹತ್ತಿತು ಅಂದ್ರೆ ಎರಡು ಕಡಿಮೆ ಎಣಿಸಿ. ಸ್ಪಿನ್ನರ್‌ನ ಎಲೆ ತಿರುಗೋದು ರಾಡಿನ ತುದಿಯಲ್ಲಿ ನಡುಕವಾಗಿ ತಿಳಿಯಬೇಕು, ಅಷ್ಟೇ ನಿಧಾನ ಇರಲಿ. 20 ಗ್ರಾಂ ಬೇಡ, 5 ಗ್ರಾಂ ಸಾಕು.

ಕುಂದಾ ವಿದ್ಯುತ್ ಯೋಜನೆಗೆ ನೀರು ಬಿಟ್ಟಾಗ ಮಟ್ಟ ಇಳಿಯುತ್ತೆ. ಕಳೆದ ಸಲ ಮೀನು ಕಂಡ ಜಾಗ ಈ ಸಲ ಒಣಗಿದ ಕೆಂಪು ಮಣ್ಣಾಗಿರಬಹುದು. ಆ ಮಣ್ಣು ಜಾರುತ್ತೆ, ಹುಷಾರು.

ಹೊಸೂರಿನಿಂದ:
ದಾರ ಸುತ್ತಿಕೊಳ್ಳೋದಕ್ಕೆ: ಸ್ಪಿನ್ನರ್‌ಗೆ ಎರಡು ಅಡಿ ಮೇಲೆ ಒಂದು ಸಣ್ಣ ಸ್ವಿವೆಲ್ (ಎರಡೂ ತುದಿ ಬೇರೆ ಬೇರೆ ತಿರುಗುವ ಕೊಂಡಿ) ಕಟ್ಟಿ. ಮೀನು ದಾರ ಎಳೆದುಕೊಂಡು ಹೋಗುವಾಗ ರೀಲ್ ತಿರುಗಿಸಬೇಡಿ, ಒಂದೊಂದು ಸುತ್ತಿಗೂ ತಿರುಚು ಸೇರುತ್ತೆ. ಈಗಿರುವ ತಿರುಚು ಬಿಡಿಸೋಕೆ, ಗಾಳ ಬಿಚ್ಚಿ ದಾರವನ್ನು ಹುಲ್ಲಿನ ಮೇಲೆ ಪೂರ್ತಿ ಎಳೆದು, ಎರಡು ಬೆರಳ ನಡುವೆ ಹಿಡಿದು ವಾಪಸ್ ಸುತ್ತಿ. ರೀಲಿನ ಅಂಚಿನವರೆಗೂ ತುಂಬಬೇಡಿ, 2 ಮಿಲಿಮೀಟರ್ ಬಿಡಿ.

ತಾಳವಾಡಿಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಸಲ ಹಿಂದಿನ ದಿನವೇ ಹೋಗಿ ಉಳಿದೆ. ಆರು ಗಂಟೆಗೆ ಹಳ್ಳದ ಬಾಯಲ್ಲಿದ್ದೆ, ಮಂಜು ಇನ್ನೂ ನೀರಿನ ಮೇಲೇ ಇತ್ತು. ವೈರ್ ಇಲ್ಲ, 6 ಪೌಂಡ್ ಎಳೆತ ತಡೆಯುವ ದಾರ, 5 ಗ್ರಾಂ ಸ್ಪಿನ್ನರ್. ಐದಕ್ಕೆ ಏನೂ ಇಲ್ಲ. ಹತ್ತಕ್ಕೂ ಇಲ್ಲ. ಹನ್ನೆರಡು ಎಣಿಸಿ ಸುತ್ತುತ್ತಿದ್ದಾಗ ಆ ನಡುಕ ಥಟ್ಟನೆ ನಿಂತಿತು. ಕಸ ಅಂದುಕೊಂಡೆ. ಕಸ ಎಳೆದುಕೊಂಡು ಓಡಲ್ಲ, ಅಲ್ವಾ! ಒಂದೂವರೆ ಗೇಣು ಉದ್ದದ ಮೀನು. ಪಕ್ಕದಲ್ಲಿ ಗುಲಾಬಿ ಪಟ್ಟೆ, ಬಾಲದ ತುಂಬಾ ಕರಿ ಚುಕ್ಕಿ. ಬಿಟ್ಟುಬಿಟ್ಟೆ. ಆದ್ರೆ ಮೂರು ಮುಳ್ಳಿನ ಗಾಳ ಬಿಡಿಸೋಕೆ ಬಹಳ ಹೊತ್ತು ಹಿಡೀತು, ಮೀನಿಗೆ ನೋವಾಯ್ತು ಅಂತ ಬೇಜಾರು.

ಎಮರಾಲ್ಡ್ ಹತ್ತಿರದ ಹಟ್ಟಿಯಿಂದ:
ಓದಿ ತುಂಬಾ ಖುಷಿ ಆಯ್ತು. ಮುಂದಿನ ಸಲ ಒಂಟಿ ಗಾಳ ಹಾಕಿ, ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಆದಷ್ಟು ನೀರಲ್ಲೇ ಬಿಡಿಸಿ, ತಲೆ ಹಳ್ಳದ ಹರಿವಿನ ಕಡೆಗೆ ಮಾಡಿ ಹಿಡಿಯಿರಿ. ತಾನೇ ಬಾಲ ಬಡಿದು ಹೊರಟಾಗ ಕೈ ಸಡಿಲಿಸಿ.