ಅರವತ್ತೈದರ ಆಯಿಗೆ ಡ್ರಾಂಗ್-ಡ್ರುಂಗ್ ಹಿಮನದಿ ತೋರಿಸಬೇಕು, ಕರೆದುಕೊಂಡು ಹೋಗಬಹುದಾ?

ಶಿರಸಿ_ತೋಟದಮನೆ

ಎಲ್ಲರಿಗೂ ನಮಸ್ಕಾರ. ನಾವು ಶಿರಸಿ ಕಡೆಯವರು, ಅಡಿಕೆ ತೋಟ ಇದೆ. ಆಯಿ, ಅಂದರೆ ನನ್ನ ಅಮ್ಮ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್ ಆಗಿ ನಿವೃತ್ತಿಯಾದವಳು. ಹಿಮನದಿಯ ಪಾಠ ಬಂದಾಗ ಕರಿಹಲಗೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಎರಡು ಗುಡ್ಡದ ಮಧ್ಯೆ ಉದ್ದ ನಾಲಗೆ ಬರೆಯುತ್ತಿದ್ದಳು. ನಾನೂ ಅದೇ ಕ್ಲಾಸಿನಲ್ಲಿ ಕೂತವನು. ಈ ಸಲ ಕೊನೆಕೊಯ್ಲಿನ ಹೊತ್ತಿಗೆ ಅಡಿಕೆ ಸುಲಿಯುತ್ತಾ ಕೂತಾಗ ಇದ್ದಕ್ಕಿದ್ದಂತೆ ಹೇಳಿದಳು: "ತಮಾ, ಅಷ್ಟು ವರ್ಷ ಪಾಠ ಮಾಡಿದಿ, ಒಂದ್ಸಲ ಕಣ್ಣಾರೆ ನೋಡವು ಹೇಳಿ ಇದ್ದು." ಆಯಿ ತನಗಾಗಿ ಏನನ್ನಾದರೂ ಕೇಳಿದ್ದು ನನಗೆ ನೆನಪಿರುವ ಮಟ್ಟಿಗೆ ಇದೇ ಮೊದಲು.

ಮಂಡಿನೋವು ಇದೆ, ಚಾರಣ ಸಾಧ್ಯವಿಲ್ಲ. ಲಡಾಖಿನ ಝನ್ಸ್ಕಾರ್ ದಾರಿಯಲ್ಲಿ ಪೆನ್ಸಿ ಲಾ ಕಣಿವೆದಾರಿಯ ಹತ್ತಿರ ಗಾಡಿಯಿಂದ ಇಳಿದರೆ ಡ್ರಾಂಗ್-ಡ್ರುಂಗ್ ಎದುರಿಗೇ ಕಾಣುತ್ತದಂತೆ. ಆದರೆ ರಸ್ತೆ ಬಹಳ ಕೆಟ್ಟದ್ದು ಅನ್ನುತ್ತಾರೆ. ಆಯಿಗೆ ಬಿ.ಪಿ. ಮಾತ್ರೆ ನಡೆಯುತ್ತಿದೆ. ಕುಮಟಾಕ್ಕೆ ಇಳಿಯುವಾಗ ದೇವಿಮನೆ ಘಟ್ಟದಲ್ಲೇ ಹೊಟ್ಟೆ ತೊಳಸುತ್ತದೆ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಯಲ್ಲಾಪುರ_ಪಯಣ

ಈ ವಯಸ್ಸಿನವರಿಗೆ ಅಷ್ಟು ದೂರ ಬೇಡ ಅಂತ ನನ್ನ ಅನಿಸಿಕೆ. ಶ್ರೀನಗರದಿಂದ ಸೋನಾಮಾರ್ಗಕ್ಕೆ ಹೋಗಿ, ಅಲ್ಲಿ ಕುದುರೆ ಮೇಲೆ ಥಾಜಿವಾಸ್ ಹಿಮನದಿ ನೋಡಬಹುದು. ಎತ್ತರವೂ ಕಡಿಮೆ, ಆಸ್ಪತ್ರೆ, ಹೋಟೆಲ್ ಎಲ್ಲ ಹತ್ತಿರ.

ಕಾರವಾರ_ಕಡಲತಡಿ

ಥಾಜಿವಾಸ್ ನಾನೂ ನೋಡಿದ್ದೇನೆ, ಚೆಂದದ ಜಾಗ. ಆದರೆ ಬೇಸಿಗೆ ಮುಗಿಯುವ ಹೊತ್ತಿಗೆ ಅಲ್ಲಿ ಕಾಣುವುದು ಬಂಡೆಗಳ ಸಂದಿನಲ್ಲಿ ಮೇಲೆಲ್ಲೋ ಉಳಿದ ಹಿಮ. ನಿಮ್ಮ ಆಯಿ ಹಲಗೆಯ ಮೇಲೆ ಬರೆದ ನಾಲಗೆಯನ್ನೇ ನೋಡಬೇಕು ಅಂದರೆ ಡ್ರಾಂಗ್-ಡ್ರುಂಗ್. 20 ಕಿಲೋಮೀಟರಿಗೂ ಹೆಚ್ಚು ಉದ್ದ. ಎಸ್ ಆಕಾರದಲ್ಲಿ ತಿರುಗಿ ರಸ್ತೆಯ ಕಡೆಗೇ ಇಳಿದು ಬರುತ್ತದೆ. ಹೆಜ್ಜೆ ಹತ್ತಬೇಕಾಗಿಲ್ಲ.

ನಾನು ಮತ್ತು ನನ್ನ ಹೆಂಡತಿ 2022ರ ಸೆಪ್ಟೆಂಬರಿನಲ್ಲಿ ಹೋಗಿದ್ದೆವು. ನನ್ನ ತಪ್ಪನ್ನೇ ಮೊದಲು ಹೇಳುತ್ತೇನೆ, ನಿಮಗೆ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹೊರಡುವ ಮುಂಚೆ ನನ್ನ ತಲೆಯಲ್ಲಿ ಇದ್ದದ್ದು ರಸ್ತೆಯೊಂದೇ. ಅಣಶಿ ಘಟ್ಟದಲ್ಲಿ ಮಳೆಗಾಲದಲ್ಲೂ ಗಾಡಿ ಓಡಿಸಿದವನು, ರಸ್ತೆಗೆ ಏನು ಹೆದರುವುದು ಅಂದುಕೊಂಡೆ. ಕಾರ್ಗಿಲ್‌ನಲ್ಲಿ (2,676 ಮೀಟರ್) ಒಂದೇ ರಾತ್ರಿ ಮಲಗಿ ಮರುದಿನ ಸಂಜೆಗೆ ರಂಗ್ದುಮ್ ತಲುಪಿದೆವು. ಅದು 3,600 ಮೀಟರಿಗೂ ಮೇಲಿನ ಊರು. ನಾವು ಸಮುದ್ರದ ಪಕ್ಕದ ಮನೆಯವರು. ರಾತ್ರಿ ಹನ್ನೊಂದರ ಹೊತ್ತಿಗೆ ಅವಳಿಗೆ ತಲೆ ಸಿಡಿಯತೊಡಗಿತು, ಎರಡು ಸಲ ವಾಂತಿ. ಬೆಳಗಿನ ತನಕ ಅವಳು ಗೋಡೆಗೆ ಒರಗಿ ಕೂತೇ ಇದ್ದಳು, ನಾನು ಅವಳ ಕೈ ಹಿಡಿದು ಕೂತಿದ್ದೆ. ಹಿಮನದಿ ಅಲ್ಲಿಂದ ಸುಮಾರು 25 ಕಿಲೋಮೀಟರ್ ಇತ್ತು. ಡ್ರೈವರ್ ಕಾರ್ಗಿಲ್ ಕಡೆಯವನು, ನಾನು ಬಾಯಿ ತೆರೆಯುವ ಮೊದಲೇ ಗಾಡಿಯನ್ನು ಕೆಳಗಿನ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದ್ದ. ಕೆಳಗಿನ ಊರಾದ ಪಾನಿಖರ್‌ಗೆ ಇಳಿದ ಮೇಲೆ ಅವಳು ಚಹಾ ಕೇಳಿದಳು. ಆ ಒಂದು ಲೋಟ ಚಹಾವನ್ನು ನಾನು ಮರೆಯುವುದಿಲ್ಲ. ಅಲ್ಲೇ ಎರಡು ದಿನ ಉಳಿದು, ಮೂರನೇ ದಿನ ನಸುಕಿಗೆ ಎದ್ದು ಪೆನ್ಸಿ ಲಾ ನೋಡಿ ಸಂಜೆ ವಾಪಸ್ ಪಾನಿಖರ್‌ಗೇ ಬಂದೆವು. ಈ ಸಲ ಅವಳಿಗೆ ಏನೂ ಆಗಲಿಲ್ಲ.

ರಸ್ತೆಯ ವಿಷಯ. ಕಾರ್ಗಿಲ್‌ನಿಂದ ಝನ್ಸ್ಕಾರಿನ ಮುಖ್ಯ ಊರಾದ ಪದುಮ್‌ಗೆ ಹೋಗುವ ದಾರಿ, ಒಟ್ಟು 230 ಕಿಲೋಮೀಟರ್ ಚಿಲ್ಲರೆ. ನಿಮಗೆ ಪೂರ್ತಿ ಹೋಗಬೇಕಾಗಿಲ್ಲ. ನಾವು ಹೋದಾಗ ಪಾನಿಖರ್ ತನಕ ಡಾಂಬರು ಚೆನ್ನಾಗಿಯೇ ಇತ್ತು. ಪಾರ್ಕಾಚಿಕ್ ದಾಟಿದ ಮೇಲೆ ಜಲ್ಲಿ, ಉರುಟು ಕಲ್ಲು, ಧೂಳು. ಅಗಲ ಮಾಡುವ ಕೆಲಸ ನಡೆದಿತ್ತು, ಅಲ್ಲಲ್ಲಿ ಗಂಟೆಗಟ್ಟಲೆ ತಡೆದು ನಿಲ್ಲಿಸಿದರು. ಸೇತುವೆಯಿಲ್ಲದ ತೊರೆಗಳು ಸಿಗುತ್ತವೆ. ಬಿಸಿಲಿಗೆ ಮೇಲಿನ ಹಿಮ ಕರಗಿ ಮಧ್ಯಾಹ್ನದ ಮೇಲೆ ತೊರೆಯಲ್ಲಿ ನೀರು ಏರುತ್ತದೆ, ಅದಕ್ಕೇ ಬೆಳಿಗ್ಗೆ ಬೇಗ ಹೊರಡಬೇಕು. ಗುಡ್ಡ ಕಡಿದ ಜಾಗದ ಕೆಳಗೆ ಫೋಟೋಕ್ಕೆಂದು ಗಾಡಿ ನಿಲ್ಲಿಸಬೇಡಿ. 2024ರ ಜುಲೈನಲ್ಲಿ ನಮ್ಮ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ಕಂಡ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹಿಮನದಿ. ಪೆನ್ಸಿ ಲಾ ಸುಮಾರು 4,400 ಮೀಟರ್, ಮೇಲೆ ಹುಲ್ಲುಬಯಲು, ಪುಟ್ಟ ಕೆರೆಗಳು, ಬಿಲದಿಂದ ಎದ್ದು ನಿಲ್ಲುವ, ಅಳಿಲಿನ ಜಾತಿಯ ದಪ್ಪ ಮಾರ್ಮಟ್‌ಗಳು. ಅದನ್ನು ದಾಟಿ ಎರಡು ತಿರುವು ಇಳಿದಾಗ ಡ್ರೈವರ್ ಇಂಜಿನ್ ಆರಿಸಿದ. ಕಣಿವೆಯ ಆಚೆ ಅಷ್ಟೂ ಮಂಜುಗಡ್ಡೆ. ನಡುನಡುವೆ ಎತ್ತಿನಗಾಡಿಯ ಗಾಲಿ ಹೋದ ಗುರುತಿನಂಥ ಕಪ್ಪು ಗೆರೆಗಳು. ಎರಡು ಹಿಮನದಿ ಕೂಡುವಲ್ಲಿ ಅವುಗಳ ಅಂಚಿನ ಕಲ್ಲುಮಣ್ಣು ಒಂದಾಗಿ ಮಧ್ಯಕ್ಕೆ ಬರುವುದರಿಂದ ಆಗುವ ಗೆರೆ, ಮೊರೇನ್ ಅನ್ನುತ್ತಾರೆ. ನಿಮ್ಮ ಆಯಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಜೂನ್‌ನಲ್ಲಿ ಹೋದರೆ ಹೊಸ ಹಿಮ ಮುಚ್ಚಿ ಎಲ್ಲ ಬರೀ ಬಿಳಿ ಕಾಣುತ್ತದೆ. ಸೆಪ್ಟೆಂಬರಿಗೆ ಅದು ಕರಗಿ ಒಳಗಿನ ನೀಲಿ, ಬಿರುಕು, ಈ ಗೆರೆಗಳು ಎಲ್ಲ ಹೊರಬೀಳುತ್ತವೆ. ಪಾಠ ಮಾಡಿದವರು ನೋಡಬೇಕಾದದ್ದು ಅದನ್ನು. ಅದರ ಬುಡದಿಂದ ಹೊರಡುವ ಸ್ಟೋಡ್ ಹೊಳೆ ಪದುಮ್ ಹತ್ತಿರ ತ್ಸರಪ್ ಹೊಳೆ ಸೇರಿ ಝನ್ಸ್ಕಾರ್ ನದಿಯಾಗುತ್ತದೆ, ಅದು ಲೇಹ್ ಕಡೆಯ ನಿಮ್ಮೂ ಎಂಬ ಊರಿನ ಬಳಿ ಸಿಂಧೂ ಸೇರುತ್ತದೆ, ಸಿಂಧೂ ನಮ್ಮ ಅರಬ್ಬೀ ಸಮುದ್ರಕ್ಕೆ. ಒಂದು ಅಟ್ಲಾಸ್ ಜೊತೆಗಿರಲಿ.

ಮಂಜುಗಡ್ಡೆಯ ಮೇಲೆ ಕಾಲಿಡಲು ಯಾರು ಕರೆದರೂ ಇಳಿಯಬೇಡಿ. ಹೊಸ ಹಿಮದ ಪದರದಡಿ ಬಿರುಕು ಇರುವುದು ಮೇಲಿನಿಂದ ತಿಳಿಯುವುದಿಲ್ಲ.

ಕುಮಟಾ_ನರ್ಸಕ್ಕ

ಘಟ್ಟದಲ್ಲಿ ಹೊಟ್ಟೆ ತೊಳಸುತ್ತದೆ ಅಂದಿರಲ್ಲ, ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಗಾಡಿಯ ವಾಂತಿ ಯಾವುದು, ಎತ್ತರದ ಕಾಯಿಲೆ ಯಾವುದು ಅಂತ ಗೊಂದಲವಾಗಬಾರದು. ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಗಾಳಿಗೆ ಕೂತರೆ ಮೊದಲನೆಯದು ಇಳಿಯುತ್ತದೆ. ತಲೆನೋವು ಸೇರಿಕೊಂಡು, ವಿಶ್ರಾಂತಿ ತೆಗೆದುಕೊಂಡರೂ ಹೋಗದಿದ್ದರೆ ಎತ್ತರದ್ದು ಅಂತಲೇ ತಿಳಿಯಿರಿ, ಮೇಲೆ ಹೋಗಬೇಡಿ. ಕೂತಲ್ಲೇ ಏದುಸಿರು, ನಡೆಯುವಾಗ ತೂರಾಟ, ಮಾತು ತೊದಲುವುದು ಕಂಡರೆ ಬೆಳಗಾಗಲಿ ಅಂತ ಕಾಯದೆ ಆಗಲೇ ಕೆಳಗಿಳಿಸಿ. 3,000 ಮೀಟರ್ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಅನ್ನುವುದು ಸಾಮಾನ್ಯ ನಿಯಮ. ಬಿ.ಪಿ. ಮಾತ್ರೆ ಬಿಡಬಾರದು. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ನೀವಾಗಿಯೇ ಅಂಗಡಿಯಿಂದ ತಂದು ಕೊಡಬೇಡಿ. ಸಲ್ಫಾ ಅಲರ್ಜಿ ಇದೆಯಾ, ಬಿ.ಪಿ. ಮಾತ್ರೆಯ ಜೊತೆ ಹೊಂದುತ್ತದಾ ಅಂತ ಡಾಕ್ಟರು ನೋಡಿಯೇ ಹೇಳಬೇಕು. ನಿದ್ದೆ ಮಾತ್ರೆ ಬೇಡವೇ ಬೇಡ.

ಶಿರಸಿ_ತೋಟದಮನೆ

ಎಲ್ಲರಿಗೂ ತುಂಬಾ ಧನ್ಯವಾದ. ಆಯಿಗೆ ಎಲ್ಲ ಓದಿ ಹೇಳಿದೆ. ಥಾಜಿವಾಸ್ ವಿಷಯಕ್ಕೆ ಏನೂ ಅನ್ನಲಿಲ್ಲ, ಸೆಪ್ಟೆಂಬರಿನಲ್ಲಿ ಗೆರೆಗಳು ಕಾಣುತ್ತವೆ ಅಂದಾಗ ಕನ್ನಡಕ ತೆಗೆದು ಒರೆಸಿಕೊಂಡಳು. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆದು, ಚೌತಿ ಮುಗಿಸಿ ಹೊರಡೋಣ ಅಂತ ನಿರ್ಧರಿಸಿದ್ದೇವೆ. ಹಾಗಾದರೆ ಲೇಹ್‌ಗೆ ವಿಮಾನ ಬೇಡ ತಾನೇ?

ಕಾರವಾರ_ಕಡಲತಡಿ

ಬೇಡ. ಲೇಹ್‌ನಲ್ಲಿ ಇಳಿದ ಕ್ಷಣವೇ 3,500 ಮೀಟರ್. ಶ್ರೀನಗರ 1,600 ಮೀಟರಿನ ಆಸುಪಾಸು, ಅಲ್ಲಿ ಎರಡು ರಾತ್ರಿ ಉಳಿಯಿರಿ. ಕಾರವಾರದಿಂದ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ದಿಲ್ಲಿಯ ನಿಜಾಮುದ್ದೀನ್, ಮುಂದೆ ವಿಮಾನ. 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ರೈಲೂ ಓಡುತ್ತಿದೆ. ಜೋಜಿಲಾ ಕಣಿವೆದಾರಿ ದಾಟಿ ಕಾರ್ಗಿಲ್, ಅಲ್ಲಿ ಎರಡು ರಾತ್ರಿ. ಪಾನಿಖರ್ ಎರಡು ರಾತ್ರಿ, ನಂತರ ಪೆನ್ಸಿ ಲಾ. ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇರಲಿ, ಹಿಂದಿರುಗುವ ಟಿಕೆಟ್ಟಿನ ಆತುರದಲ್ಲೇ ಜನ ತಪ್ಪು ಮಾಡುವುದು. ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿ. ಗಾಡಿಯ ಟ್ಯಾಂಕ್ ಕಾರ್ಗಿಲ್‌ನಲ್ಲೇ ತುಂಬಿಸಲು ಹೇಳಿ. ತಿನ್ನಲು ಅವಲಕ್ಕಿ, ತೊಡದೇವು ಕಟ್ಟಿಕೊಳ್ಳಿ. ಅಷ್ಟು ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅನ್ನ ಸರಿಯಾಗಿ ಬೇಯುವುದಿಲ್ಲ.

ಕಾರವಾರ ಸ್ಟೇಷನ್ ಇರುವುದು ಶಿರವಾಡದಲ್ಲಿ, ಪೇಟೆಯಿಂದ ದೂರ. ರೈಲಿನ ದಿನ ಮೊದಲೇ ತಿಳಿಸಿ, ನಾವಿಬ್ಬರೂ ಬರುತ್ತೇವೆ. ನನ್ನ ಹೆಂಡತಿ ಅವಳ ಉಣ್ಣೆಯ ಟೊಪ್ಪಿ, ಕೈಗವಸು ತೆಗೆದಿಟ್ಟಿದ್ದಾಳೆ, ಟೀಚರಿಗೆ ಕೊಡಬೇಕಂತೆ.